ಅಪ್‌ಡೇಟ್: ಭಾವನ ಸಾಲಕ್ಕೆ ಹಾಕಿದ ಜಾಮೀನು ನನ್ನ ಸಾಲವೇ?

ಭಾವನ 6 ಲಕ್ಷದ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಸಹಿ ಹಾಕಿದ್ದೇನೆ, ನನ್ನ ಮನೆ ಸಾಲದ ಅರ್ಜಿಯಲ್ಲಿ ಅದನ್ನು ತೋರಿಸಬೇಕಾ ಅಂತ ಕೇಳಿದ್ದೆನಲ್ಲ, ತೋರಿಸಿದೆ. ಮುಚ್ಚಿಟ್ಟಿದ್ದರೂ ಸಿಕ್ಕಿಬೀಳುತ್ತಿದ್ದೆ. ಕ್ರೆಡಿಟ್ ವರದಿಯಲ್ಲಿ ಆ ಸಾಲ ನನ್ನ ಹೆಸರಿನಡಿ ಆರಾಮಾಗಿ ಕೂತಿತ್ತು, ಪಕ್ಕದಲ್ಲಿ 'ಗ್ಯಾರಂಟರ್' ಅಂತ.

ಲೆಕ್ಕಪತ್ರದ ಭಾಷೆಯಲ್ಲಿ ಇದು ಕಂಟಿಂಜೆಂಟ್ ಲಯಬಿಲಿಟಿ: ಇವತ್ತಿಗೆ ಸಾಲವಲ್ಲ, ಭಾವ ಕೈ ಎತ್ತಿದ ದಿನ ಸಾಲ. ಕಂಪನಿಗಳು ಇಂಥದ್ದನ್ನು ಬ್ಯಾಲೆನ್ಸ್ ಶೀಟಿನ (ಆಸ್ತಿ-ಸಾಲಗಳ ಪಟ್ಟಿಯ) ಅಂಕಿಗಳಲ್ಲಿ ಸೇರಿಸದೆ ಟಿಪ್ಪಣಿಯಲ್ಲಿ ಬರೆಯುತ್ತವೆ. ಕಟ್ಟದೆ ಉಳಿಯುವುದಕ್ಕಿಂತ ಕಟ್ಟಬೇಕಾಗುವ ಸಾಧ್ಯತೆಯೇ ಹೆಚ್ಚಾಗಿ, ಮೊತ್ತವೂ ಅಂದಾಜಿಗೆ ಸಿಕ್ಕರೆ ಆಗ ಅದನ್ನು ಆ ಅಂಕಿಗಳಲ್ಲೇ ಹೊಣೆಯಾಗಿ ತೋರಿಸಬೇಕು.

ನಾನು ತಪ್ಪು ತಿಳಿದದ್ದು ಬೇರೆ ಕಡೆ. ಬ್ಯಾಂಕಿನವರು ಮೊದಲು ಭಾವನ ಟ್ರ್ಯಾಕ್ಟರ್ ಜಪ್ತಿ ಮಾಡಿ, ಏನೂ ಗಿಟ್ಟದಿದ್ದರೆ ನನ್ನ ಬಾಗಿಲಿಗೆ ಬರುತ್ತಾರೆ ಅಂದುಕೊಂಡಿದ್ದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಹಾಗೆ ಹೇಳುವುದಿಲ್ಲ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ ಜಾಮೀನುದಾರನ ಹೊಣೆಯೂ ಸಾಲಗಾರನ ಹೊಣೆಗೆ ಸಮ, ಬ್ಯಾಂಕು ನೇರವಾಗಿ ನನ್ನನ್ನೇ ಕೇಳಬಹುದು. ನಾನು ಸಹಿ ಹಾಕಿದ ಕಾಗದದ ಏಳನೇ ಪುಟದಲ್ಲೂ 'ಕೇಳಿದ ತಕ್ಷಣ' ಅಂತಲೇ ಇದೆ. ಓದಿರಲಿಲ್ಲ, ಹಬ್ಬದ ಊಟದ ಮಧ್ಯೆ ಸಹಿ ಹಾಕಿದ್ದೆ.

ನಾನು ಕಟ್ಟಿದರೆ ಭಾವನಿಂದ ವಸೂಲು ಮಾಡುವ ಹಕ್ಕು 145ನೇ ಕಲಂನಲ್ಲಿದೆ. ಇದೆ ಸರಿ, ಅಕ್ಕನ ಮುಖ ನೋಡಿಕೊಂಡು ಕೇಸು ಹಾಕೋದು ಯಾರು?

ಮನೆ ಸಾಲ ಮಂಜೂರಾಯಿತು, ಕೇಳಿದ್ದಕ್ಕಿಂತ 4 ಲಕ್ಷ ಕಮ್ಮಿ. ಭಾವ ಈಗ ಪ್ರತಿ ಕಂತಿನ ರಸೀದಿ ವಾಟ್ಸಾಪ್ ಮಾಡುತ್ತಾರೆ.