ಅಪ್‌ಡೇಟ್: ಚಿತ್ರದುರ್ಗದ ಬಿಸಿಲಲ್ಲಿ ಕೂವೆಗೆಡ್ಡೆ

ಕೂವೆ (ಆರೋರೂಟ್, ಹಿಟ್ಟು ತೆಗೆಯುವ ಗೆಡ್ಡೆ) ಎಲೆಯ ಅಂಚು ಸುಡುತ್ತಿದೆ, ಗೆಡ್ಡೆ ಪೆನ್ಸಿಲ್‌ನಷ್ಟೇ ದಪ್ಪ, ಯಾಕೆ ಅಂತ ಹೋದ ಸಲ ಕೇಳಿದ್ದೆ. ರೋಗ ಅಲ್ಲವೇ ಅಲ್ಲ. ಕಾರಣ ಬಯಲು ಬಿಸಿಲು, ಗಟ್ಟಿ ಕೆಮ್ಮಣ್ಣು.

ಈ ಸಲ ಜೂನ್‌ನಲ್ಲಿ ನುಗ್ಗೆ ಮರದ ಅರೆನೆರಳಲ್ಲಿ ಒಂದಡಿ ಎತ್ತರದ ಏರುಮಡಿ: ಮೂರು ಪಾಲು ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರ ಒಂದೊಂದು ಪಾಲು. ನೆಟ್ಟಿದ್ದು 2–3 ಕಣ್ಣು (ಮೊಳಕೆ ಬರುವ ಜಾಗ) ಇರುವ ಗೆಡ್ಡೆ ತುಂಡು, 2 ಇಂಚು ಆಳ, ಒಂದಡಿ ಅಂತರ. ಮೇಲೆ ಶೇಂಗಾ ಸಿಪ್ಪೆಯ ಹೊದಿಕೆ (ಇಲ್ಲಿ ಅದಕ್ಕೇನು ಬರ!). ನೀರು ನಿಂತರೆ ಗೆಡ್ಡೆ ಕೊಳೆಯುತ್ತೆ.

ಏಪ್ರಿಲ್‌ನಲ್ಲಿ ಎಲೆ ಹಳದಿಯಾಗಿ ಒರಗಿದ ಮೇಲೆ ಕಿತ್ತಿದ್ದು. ಗೆಡ್ಡೆ ಹೆಬ್ಬೆರಳಿಗಿಂತ ದಪ್ಪ. ತಡ ಮಾಡಿದರೆ ನಾರು ಜಾಸ್ತಿ.

ಹಿಟ್ಟು ಕಹಿಯಾಗೋದು ಹೊರಸಿಪ್ಪೆ ಉಳಿದರೆ. ಪೂರ್ತಿ ಸುಲಿದು, ರುಬ್ಬಿ, ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ, ಹಿಟ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರನ್ನು 3–4 ಸಲ ಬದಲಿಸಿ, ತಳದ ಹಿಟ್ಟನ್ನು ಒಣಗಿಸಿ.