28 ಇಂಚು ದಾಟಿದ ವಾಲೈ ಮೀನಿಗೆ ಗಾಳ: ತಿಂಗಳು ಯಾವುದು, ಹೊತ್ತು ಯಾವುದು, ಎರೆ ಯಾವುದು?

ಪ್ರಶ್ನೆ: ಮಲ್ಪೆ ಗಾಳ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವನು. ಮಲ್ಪೆಯ ಕಲ್ಲುಗಳ ಮೇಲೆ ನಿಂತು, ರಜೆ ಸಿಕ್ಕಾಗ ಸೀತಾ ಮತ್ತು ಸುವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಅಳಿವೆಗೆ ಹೋಗಿ, ಹದಿನೈದು ವರ್ಷಗಳಿಂದ ಗಾಳ ಹಾಕುತ್ತಾ ಬಂದವನು. ಆದರೆ ಇಂದು ಕೇಳುತ್ತಿರುವುದು ನಮ್ಮ ನೀರಿನ ಮೀನಿನ ಬಗ್ಗೆ ಅಲ್ಲ. ಅಕ್ಕ ಮತ್ತು ಭಾವ ಅಮೆರಿಕದ ಮಿನೆಸೋಟ ರಾಜ್ಯದಲ್ಲಿದ್ದಾರೆ. ನಮ್ಮವರಿಗೆ ಅಂಜಲ್ ಹೇಗೋ ಅಲ್ಲಿನವರಿಗೆ ವಾಲೈ (walleye) ಎಂಬ ಸಿಹಿನೀರಿನ ಮೀನು ಹಾಗೆ. 1965ರಿಂದ ಅದು ಆ ರಾಜ್ಯದ ಅಧಿಕೃತ ಮೀನು ಕೂಡ ಹೌದು.

ಕಳೆದ ಜೂನ್ ತಿಂಗಳಲ್ಲಿ ಒಂಬತ್ತು ದಿನ ಭಾವನ ದೋಣಿಯಲ್ಲಿ ಕೆರೆ ಸುತ್ತಿದೆವು. ಸಿಕ್ಕಿದ್ದೆಲ್ಲ 14ರಿಂದ 16 ಇಂಚಿನ ಮೀನುಗಳು. ಹುರಿದು ತಿನ್ನಲು ಚೆನ್ನಾಗಿಯೇ ಇದ್ದವು. ಕೊನೆಯ ದಿನ ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ, ಅಲ್ಲಿನ ಮುಸ್ಸಂಜೆ ಮುಗಿಯುತ್ತಿದ್ದ ಹೊತ್ತಿನಲ್ಲಿ, ಜಿಗಣೆ ಸಿಕ್ಕಿಸಿ ಬಿಟ್ಟಿದ್ದ ಗಾಳಕ್ಕೆ ಏನೋ ಭಾರವಾದದ್ದು ಕಚ್ಚಿತು. ಅದು ಓಡಲಿಲ್ಲ, ತಳಕ್ಕೆ ಅಂಟಿಕೊಂಡು ತಲೆ ಕೊಡವುತ್ತಿತ್ತು. ದೋಣಿಯ ಪಕ್ಕಕ್ಕೆ ಬಂದಾಗ ಭಾವ ತಲೆಗೆ ಕಟ್ಟಿದ್ದ ಟಾರ್ಚ್ ಹಾಕಿದರು. ನೀರಿನೊಳಗೆ ಎರಡು ಕಣ್ಣುಗಳು ಕೆಂಡದಂತೆ ಹೊಳೆದವು, ಬಾಲದ ಕೆಳತುದಿಯ ಬಿಳಿ ಮಚ್ಚೆಯೂ ಕಂಡಿತು. ಮರುಕ್ಷಣದಲ್ಲಿ ಅದು ದೋಣಿಯ ಅಡಿಗೆ ನುಗ್ಗಿ, ಗಾಳ ಬಿಡಿಸಿಕೊಂಡು ಹೋಯಿತು. ಭಾವನ ಅಂದಾಜಿನಲ್ಲಿ 28 ಇಂಚು.

ಈ ವರ್ಷ ಅಕ್ಟೋಬರ್ ಮೂರನೆಯ ವಾರ ಮತ್ತೆ ಹೋಗುತ್ತಿದ್ದೇನೆ. ಸಣ್ಣ ಮೀನುಗಳ ಹಿಂದೆ ಬೀಳದೆ ದೊಡ್ಡದೊಂದನ್ನೇ ಗುರಿಯಿಟ್ಟು ಹಿಡಿಯುವುದಾದರೆ ಆಳದಲ್ಲಿ ಹುಡುಕಬೇಕೋ, ದಡದ ಬಳಿಯೋ? ಜೀವಂತ ಎರೆಯೋ, ಲೂರ್ (ಕೃತಕ ಎರೆ) ಸಾಕೋ? ಅಳಿವೆಯಲ್ಲಿ ಬಳಸುವ ನನ್ನ 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ) ದಾರವನ್ನೇ ಒಯ್ಯಬಹುದೇ? ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ 1: ಬಿಜೈ ನಿವಾಸಿ

ನಾನು ಮಿನೆಸೋಟದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿ ಮಂಗಳೂರಿಗೆ ಮರಳಿದವನು. ಅಲ್ಲಿ ಮೊದಲ ಮೂರು ವರ್ಷ ನಾನೂ ಎರೆ, ಬಣ್ಣ, ಲೂರಿನ ಹೆಸರು ಎಂದುಕೊಂಡೇ ಹಣ ಸುರಿದೆ. ದೊಡ್ಡ ವಾಲೈ ಸಿಕ್ಕಲು ಶುರುವಾದದ್ದು ಹೊತ್ತನ್ನು ಬದಲಿಸಿದ ಮೇಲೆ. ನಿಮ್ಮ ಕೈಗೆ ಬಂದು ತಪ್ಪಿದ ಮೀನು ಕೂಡ ಕತ್ತಲಾಗುವಾಗಲೇ ಕಚ್ಚಿತು ಎಂಬುದನ್ನು ಗಮನಿಸಿ.

ಎಲ್ಲಕ್ಕೂ ಮೂಲ ಅದರ ಕಣ್ಣು. ರಾತ್ರಿ ವಾಹನದ ಬೆಳಕಿಗೆ ದನದ ಕಣ್ಣು ಹೊಳೆಯುತ್ತದಲ್ಲ, ಅದೇ ರೀತಿ ವಾಲೈ ಕಣ್ಣಿನ ಹಿಂಭಾಗದಲ್ಲಿಯೂ ಬೆಳಕನ್ನು ಹಿಂದಕ್ಕೆ ಎಸೆಯುವ ಒಂದು ಪದರವಿದೆ. ಅದು ಹೆಚ್ಚಾಗಿ ತಿನ್ನುವ ಪರ್ಚ್ ಮೀನಿಗೆ ಮಬ್ಬುಗತ್ತಲಲ್ಲಿ ದಾರಿ ಕಾಣಿಸುವುದಿಲ್ಲ, ವಾಲೈಗೆ ಕಾಣಿಸುತ್ತದೆ. ಆದ್ದರಿಂದ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲಿನಿಂದ ಒಂದೂವರೆ ಗಂಟೆ ನಂತರದವರೆಗೆ, ಮತ್ತೆ ಬೆಳಗು ಹರಿಯುವ ಮುಂಚೆ, ದೊಡ್ಡ ಮೀನುಗಳು ದಡದತ್ತ ಬರುತ್ತವೆ. ಹಗಲಿನಲ್ಲಿಯೇ ಹಿಡಿಯಬೇಕೆಂದಿದ್ದರೆ ಗಾಳಿ ಬೀಸುವ ದಿನ ನೋಡಿ, ಅಲೆ ಬಂದು ಬಡಿಯುವ ದಡಕ್ಕೇ ಹೋಗಿ. ಅಲೆಗಳು ಬಿಸಿಲನ್ನು ಒಡೆದು ನೀರಿನೊಳಗೆ ಮಬ್ಬು ತರುತ್ತವೆ, ಸಣ್ಣ ಮೀನುಗಳನ್ನೂ ಆ ದಡಕ್ಕೆ ತಳ್ಳುತ್ತವೆ. ಅಲ್ಲಿನವರು ಇದಕ್ಕೆ ‘ವಾಲೈ ಚಾಪ್’ ಎನ್ನುತ್ತಾರೆ. ಕಡಲು ಕೆದರಿತೆಂದರೆ ಗಾಳ ಸುತ್ತಿಕೊಂಡು ಮನೆಗೆ ಬರುವ ನಮ್ಮಂಥವರಿಗೆ ಈ ಪಾಠ ತಲೆಗೆ ಹೋಗಲು ಸಮಯ ಬೇಕು.

ನಿಮ್ಮ ತಿಂಗಳು ಚೆನ್ನಾಗಿದೆ. ಬೇಸಿಗೆಯಲ್ಲಿ ಕೆರೆಯ ನೀರು ಮೇಲೆ ಬಿಸಿ, ಕೆಳಗೆ ತಣ್ಣಗೆ ಎಂದು ಪದರಗಳಾಗಿ ನಿಂತಿರುತ್ತದೆ. ದೊಡ್ಡ ಮೀನುಗಳಲ್ಲಿ ಬಹಳಷ್ಟು ಆಗ ನಡುಕೆರೆಯಲ್ಲಿ ಟಲಿಬೀ ಎಂಬ ಕೊಬ್ಬಿನ ಮೀನಿನ ಹಿಂಡಿನ ಹಿಂದೆ ತಿರುಗುತ್ತಿರುತ್ತವೆ. ಅವನ್ನು ಹುಡುಕಲು ಲೂರನ್ನು ದೋಣಿಯ ಹಿಂದೆ ಎಳೆಯುತ್ತಾ ಗಂಟೆಗಟ್ಟಲೆ ಸುತ್ತಬೇಕು. ಶರತ್ಕಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು ಇಡೀ ಕೆರೆ ಕಲಸಿಹೋಗುತ್ತದೆ. ಆ ಕೆಲವು ದಿನ ಮೀನುಗಳು ಚದುರಿಹೋಗಿ ಏನೂ ಸಿಗದಿರಬಹುದು, ಬೇಸರಪಡಬೇಡಿ. ಅದು ಕಳೆದ ಮೇಲೆ ಹೆಣ್ಣು ವಾಲೈಗಳು ಮುಂದಿನ ವಸಂತಕ್ಕೆ ಬೇಕಾದ ಮೊಟ್ಟೆ ಕಟ್ಟಿಕೊಳ್ಳಲು ಚೆನ್ನಾಗಿ ತಿನ್ನುತ್ತವೆ. ಟಲಿಬೀಗಳೂ ಮೊಟ್ಟೆ ಇಡಲು ಕಲ್ಲಿನ ದಿಬ್ಬಗಳತ್ತ ಬರುವ ಕಾಲ ಅದೇ ಅಕ್ಟೋಬರ್ ಕೊನೆ, ನವೆಂಬರ್. ಗಂಡು ವಾಲೈ ಅಷ್ಟು ಬೆಳೆಯುವುದಿಲ್ಲ. 28 ಇಂಚಿನದು ಸಿಕ್ಕಿತೆಂದರೆ ಅದು ಬಹುತೇಕ ಹೆಣ್ಣೇ, ಉತ್ತರದ ತಣ್ಣೀರಿನ ಕೆರೆಗಳಲ್ಲಾದರೆ ಹತ್ತು ವರ್ಷ ದಾಟಿದ ಮುದುಕಿ.

ಭಾವನ ಬಳಿ ಕೆರೆಯ ಆಳ ತೋರಿಸುವ ನಕ್ಷೆ ಇರುತ್ತದೆ. ಅದರಲ್ಲಿ ಎರಡು ಜಾಗ ಗುರುತು ಮಾಡಿಸಿ: ಆಳದ ನೀರಿನೊಳಕ್ಕೆ ಮೂಗಿನಂತೆ ಚಾಚಿದ ಕಲ್ಲಿನ ದಿಬ್ಬ ಒಂದು, ಎರಡು ಕೆರೆಗಳನ್ನು ಸೇರಿಸುವ ಕಿರಿದಾದ ಕಾಲುವೆ ಇನ್ನೊಂದು. ಕತ್ತಲಾದ ಮೇಲೆ ಅಲ್ಲಿ ಮೂರರಿಂದ ಎಂಟು ಅಡಿ ನೀರು ಸಾಕು, ದೋಣಿಯೂ ಬೇಡ. ದಡದಲ್ಲಿ ನಿಂತು, ಸಣ್ಣ ಮೀನಿನ ಆಕಾರದ, ಸುಮಾರು ಐದು ಇಂಚಿನ, ಎಳೆಯುವುದನ್ನು ನಿಲ್ಲಿಸಿದಾಗ ಮೇಲಕ್ಕೂ ಏಳದೆ ತಳಕ್ಕೂ ಇಳಿಯದೆ ನಿಂತಲ್ಲೇ ನಿಲ್ಲುವ ಲೂರ್ ಎಸೆಯಿರಿ. ರೀಲಿನ ಹಿಡಿಯನ್ನು ಎರಡು ಸುತ್ತು ತಿರುಗಿಸಿ, ನಿಲ್ಲಿಸಿ, ಮನಸ್ಸಿನಲ್ಲೇ ಐದು ಎಣಿಸಿ, ಮತ್ತೆ ಎರಡು ಸುತ್ತು. ತಣ್ಣೀರಿನಲ್ಲಿ ಕಚ್ಚುವುದು ಬಹುಮಟ್ಟಿಗೆ ಆ ನಿಲುಗಡೆಯಲ್ಲಿಯೇ. ಅಳಿವೆಯಲ್ಲಿ ಸರಸರ ಎಳೆದು ರೂಢಿಯಾದ ಕೈಗೆ ಈ ಐದು ಎಣಿಸುವುದೇ ಕಷ್ಟ.

ಜಿಗಣೆ ಬೇಸಿಗೆಯ ಎರೆ. ತಣ್ಣೀರಿನಲ್ಲಿ ಅದು ಉಂಡೆಯಾಗಿ ಸುರುಟಿಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಹಗಲು ದೋಣಿಯಿಂದ ಹಾಕುವುದಾದರೆ ನಾಲ್ಕರಿಂದ ಆರು ಇಂಚಿನ ಜೀವಂತ ಚಬ್ ಮೀನನ್ನು, ದಾರ ಸಲೀಸಾಗಿ ಜಾರುವ ಸೀಸದ ಗುಂಡಿನ ಕೆಳಗೆ ಕಟ್ಟಿ, ದಿಬ್ಬದ ಅಂಚಿನಲ್ಲಿ ಮೆಲ್ಲಗೆ ಸಾಗಿಸಿ. ಮೀನು ಹಿಡಿದರೆ ಗುಂಡಿನ ಭಾರ ಅದಕ್ಕೆ ತಿಳಿಯುವುದಿಲ್ಲ, ನಾಲ್ಕೈದು ಸೆಕೆಂಡು ದಾರ ಬಿಟ್ಟುಕೊಟ್ಟು ಆಮೇಲೆ ಎಳೆಯಬೇಕು. 30 ಪೌಂಡಿನ ಬ್ರೇಡ್ ಬೇಡ. 10 ಪೌಂಡಿನ ಬ್ರೇಡ್, ತುದಿಗೆ ನಾಲ್ಕೈದು ಅಡಿ ಫ್ಲೋರೋಕಾರ್ಬನ್ ಲೀಡರ್ (ನೀರಿನಲ್ಲಿ ಸುಲಭವಾಗಿ ಕಾಣದ ದಾರದ ತುಂಡು) ಧಾರಾಳವಾಯಿತು. ಕೆರೆಯಲ್ಲಿ ಮೀನು ಆಡಲು ಜಾಗವಿದೆ.

ಕೊನೆಯದಾಗಿ, ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಮುಂದಿನ ಸಲ ಮೀನು ಬಲೆಯೊಳಗೆ ಬೀಳುವ ತನಕ ಟಾರ್ಚ್ ಹಾಕಬಾರದೆಂದು ಹೇಳಿ. ಕತ್ತಲಿಗೆ ಹೊಂದಿಕೊಂಡ ಅಂಥ ಕಣ್ಣಿಗೆ ಎರಡು ಅಡಿ ದೂರದಿಂದ ಬೆಳಕು ಬಿಟ್ಟರೆ ಯಾವ ಮೀನು ಸುಮ್ಮನಿರುತ್ತದೆ?

ಉತ್ತರ 2: ಬೆಂಗ್ರೆ ಅಳಿವೆ

ನಾನು ವಾಲೈಯನ್ನು ಕಣ್ಣಿನಿಂದ ಕಂಡವನಲ್ಲ. ಆದರೆ ಬಿಜೈಯವರು ಬರೆದದ್ದನ್ನು ಓದುವಾಗ ನಮ್ಮ ಕುರ್ಡಿ, ಅಂದರೆ ಸೀಬಾಸ್, ನೆನಪಾಯಿತು. ಅದರ ಕಣ್ಣೂ ಟಾರ್ಚ್ ಬೆಳಕಿಗೆ ಕೆಂಪಗೆ ಹೊಳೆಯುತ್ತದೆ, ದೊಡ್ಡದೆಲ್ಲ ಹೆಣ್ಣೇ. ಒಂದು ವ್ಯತ್ಯಾಸ ಮಾತ್ರ ಸ್ವಾರಸ್ಯಕರ: ಸೀಬಾಸ್ ಸಾಮಾನ್ಯವಾಗಿ ಗಂಡಾಗಿಯೇ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ.

ನೇತ್ರಾವತಿ ಮತ್ತು ಗುರುಪುರ ನದಿಗಳು ಸೇರುವ ನಮ್ಮ ಅಳಿವೆಯಲ್ಲಿ, ಇಳಿತದ ನೀರು ಜೋರಾಗಿ ಹರಿಯುವ ಗೆರೆಗೂ ನಿಂತ ನೀರಿಗೂ ನಡುವಿನ ಅಂಚಿನಲ್ಲಿ ಸೀಬಾಸ್ ಕಾದಿರುತ್ತದೆ. ಈಜುವ ಶ್ರಮವಿಲ್ಲ, ತಿನಿಸು ಬಾಯಿಗೇ ಬರುತ್ತದೆ. ಎರಡು ಕೆರೆಗಳ ನಡುವಿನ ಕಿರಿದಾದ ಕಾಲುವೆ ಎಂದಾಗ ನನಗೆ ಕಣ್ಣ ಮುಂದೆ ಬಂದದ್ದು ಆ ಅಂಚೇ. ಆದ್ದರಿಂದ ಮಲ್ಪೆಯ ಅಣ್ಣ, ನಿಮ್ಮ ಹದಿನೈದು ವರ್ಷದ ಅನುಭವವನ್ನು ವಿಮಾನ ನಿಲ್ದಾಣದಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ದಡದಲ್ಲಿ ಕಾಲು ಸಪ್ಪಳ ಮಾಡದೆ ನಿಲ್ಲುವುದು ನಿಮಗೆ ಗೊತ್ತೇ ಇದೆ. ಹುಣ್ಣಿಮೆಯ ಲೆಕ್ಕ ಅಲ್ಲಿಯೂ ಉಂಟೋ ಎಂದು ಬಿಜೈಯವರು ತಿಳಿಸಿದರೆ ಸಂತೋಷ.

ಉತ್ತರ 3: ಕುಂದಾಪುರದವ

ಎಲ್ಲ ಸರಿ, ಆದರೆ ಹಿಡಿದ ದೊಡ್ಡ ಮೀನನ್ನು ಫೋಟೊ ತೆಗೆದು ನೀರಿಗೆ ಬಿಡುವ ಅಲ್ಲಿನವರ ಪದ್ಧತಿ ನನಗೆ ಇನ್ನೂ ಅರ್ಥವಾಗಿಲ್ಲ. ಹೊಟ್ಟೆಗಲ್ಲದ ಮೀನಿಗೆ ಚಳಿಯಲ್ಲಿ ರಾತ್ರಿಯಿಡೀ ನಿಲ್ಲುವುದೇಕೆ? ಬಿಟ್ಟ ಮೇಲೆ ಅದು 28 ಇಂಚು ಇತ್ತೋ 24 ಇಂಚು ಇತ್ತೋ ಎಂದು ನಂಬುವವರು ಯಾರು?

ಉತ್ತರ 4: ಬಿಜೈ ನಿವಾಸಿ

ಬೆಂಗ್ರೆಯವರಿಗೆ ಮೊದಲು: ಅಕ್ಟೋಬರ್, ನವೆಂಬರ್ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳನ್ನು ಅಲ್ಲಿನ ಹಳಬರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತಾರೆ. ನನ್ನ ದೊಡ್ಡ ಮೀನುಗಳಲ್ಲಿ ಅರ್ಧದಷ್ಟು ಮೋಡ ಮುಚ್ಚಿದ ರಾತ್ರಿಗಳಲ್ಲಿ ಬಂದವು. ಹಾಗಾಗಿ ನಾನು ಚಂದ್ರನಿಗೆ ಕಾಯುತ್ತಿರಲಿಲ್ಲ.

ಕುಂದಾಪುರದವರ ಪ್ರಶ್ನೆ ನ್ಯಾಯವಾದದ್ದು. ತಿನ್ನುವುದಕ್ಕೆ 15ರಿಂದ 18 ಇಂಚಿನದೇ ರುಚಿ. ವಯಸ್ಸಾದ ದೊಡ್ಡ ಮೀನಿನಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ, ಅದನ್ನು ಮಕ್ಕಳಿಗೆ ಮತ್ತು ಬಸುರಿಯರಿಗೆ ಕೊಡಬಾರದೆಂದು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಒಂದು ದೊಡ್ಡ ಹೆಣ್ಣು ಒಂದು ವಸಂತದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮಲ್ಲಿ ಯಾಂತ್ರೀಕೃತ ದೋಣಿಗಳನ್ನು ಬಂದರಿನಲ್ಲೇ ನಿಲ್ಲಿಸುವುದರ ಹಿಂದಿನ ಲೆಕ್ಕಾಚಾರವೂ ಇಂಥದ್ದೇ ಅಲ್ಲವೇ? ಅಲ್ಲದೆ ಮಿನೆಸೋಟದ ಸಾಮಾನ್ಯ ನಿಯಮದಂತೆ 20 ಇಂಚು ಮೀರಿದ ವಾಲೈ ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ಮಿಲ್ ಲ್ಯಾಕ್ಸ್‌ನಂಥ ಕೆಲವು ಕೆರೆಗಳಿಗೆ ಬೇರೆಯೇ ಕಟ್ಟುಪಾಡುಗಳಿವೆ, ಅವು ವರ್ಷ ವರ್ಷ ಬದಲಾಗುತ್ತವೆ. ಹೊರಡುವ ವಾರ ನೋಡಿಕೊಳ್ಳಬೇಕು.

ನಂಬಿಕೆಯ ವಿಷಯಕ್ಕೆ ಒಂದು ಸೂತ್ರವಿದೆ. ಮೂತಿಯಿಂದ ಬಾಲದ ತುದಿಯವರೆಗಿನ ಉದ್ದ ಮತ್ತು ಹೊಟ್ಟೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಹತ್ತಿರಹತ್ತಿರ ಸಿಗುತ್ತದೆ. 29 ಇಂಚು ಉದ್ದ, 16 ಇಂಚು ಸುತ್ತಳತೆ ಇದ್ದರೆ ಒಂಬತ್ತು ಪೌಂಡಿಗಿಂತ ಸ್ವಲ್ಪ ಹೆಚ್ಚು. ಅದೇ ಅಳತೆ ಕೊಟ್ಟು ಗೋಡೆಗೆ ತೂಗುಹಾಕುವ ಫೈಬರ್ ಪ್ರತಿಕೃತಿ ಮಾಡಿಸಿಕೊಳ್ಳುವವರೂ ಇದ್ದಾರೆ. ಇನ್ನು ತೂಕವನ್ನೇ ನಂಬುತ್ತೇನೆ ಎನ್ನುವವರಿಗೆ ಒಂದು ಮಾತು: 2022ರ ಸೆಪ್ಟೆಂಬರ್‌ನಲ್ಲಿ ಈರಿ ಸರೋವರದ ಒಂದು ವಾಲೈ ಪಂದ್ಯದಲ್ಲಿ, ತಕ್ಕಡಿಯಲ್ಲಿ ಗೆದ್ದ ಮೀನುಗಳ ಹೊಟ್ಟೆ ಸೀಳಿದಾಗ ಒಳಗಿಂದ ಸೀಸದ ಗುಂಡುಗಳು ಉದುರಿದವು! ಅಂದಹಾಗೆ, ಮಿನೆಸೋಟದ ದಾಖಲೆ 1979ರಲ್ಲಿ ಸೀಗಲ್ ನದಿಯಲ್ಲಿ ಸಿಕ್ಕಿದ 17 ಪೌಂಡ್ 8 ಔನ್ಸಿನ ಮೀನಿನದು. ಅದರ ಎದುರು ನಮ್ಮ 28 ಇಂಚು ಮಗು.

ಬಿಡುವುದಾದರೆ ಸರಿಯಾಗಿ ಬಿಡಬೇಕು. ಸುಮಾರು 30 ಅಡಿಗಿಂತ ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿರುತ್ತದೆ, ಬಿಟ್ಟರೂ ಉಳಿಯುವುದು ಅನುಮಾನ. ದಡದ ಬಳಿ ಕಡಿಮೆ ನೀರಿನಲ್ಲಿ ಹಿಡಿಯಿರಿ ಎಂದು ನಾನು ಒತ್ತಿ ಹೇಳಲು ಅದೂ ಒಂದು ಕಾರಣ. ಕೈ ಒದ್ದೆ ಮಾಡಿಕೊಂಡು, ಒಂದು ಕೈ ತಲೆಯ ಕೆಳಗೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಲಾಗಿ ಹಿಡಿಯಿರಿ. ಬೆರಳನ್ನು ಬಾಯಿಗೆ ಹಾಕಬೇಡಿ, ಹಲ್ಲು ಸೂಜಿಯಂತಿರುತ್ತದೆ. ಕಿವಿರಿನ ಮುಚ್ಚಳದ ಅಂಚೂ ಬೆನ್ನಿನ ಮುಳ್ಳೂ ಕೈ ಕೊಯ್ಯುತ್ತವೆ.

ಪ್ರಶ್ನೆ ಕೇಳಿದವರಿಂದ: ಮಲ್ಪೆ ಗಾಳ

ಎಲ್ಲರಿಗೂ ತುಂಬು ಧನ್ಯವಾದಗಳು. ನಿನ್ನೆ ರಾತ್ರಿ ಭಾವನಿಗೆ ಇದನ್ನೆಲ್ಲ ಓದಿ ಹೇಳಿದೆ. ಟಾರ್ಚಿನ ವಿಷಯ ಬಂದಾಗ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ ‘ಮೀನು ನೋಡಬೇಕಲ್ಲ ಮಾರಾಯ’ ಎಂದರು. ಅವರ ಮನೆಯಿಂದ ನಲವತ್ತು ನಿಮಿಷ ದೂರದಲ್ಲಿ ಎರಡು ಕೆರೆಗಳನ್ನು ಸೇರಿಸುವ ಕಾಲುವೆಯೊಂದಿದೆಯಂತೆ, ಮೇಲೆ ಹಳೆಯ ಸೇತುವೆ, ಕೆಳಗೆ ಐದಾರು ಅಡಿ ನೀರು. ಹೊರರಾಜ್ಯದವರಿಗೆ ಕೊಡುವ ಏಳು ದಿನಗಳ ಪರವಾನಗಿ ಮಾಡಿಸುತ್ತೇನೆ. ಇನ್ನೊಂದು ಸಣ್ಣ ಸಂಶಯ: ಸೊಂಟದ ತನಕ ಬರುವ ರಬ್ಬರ್ ಉಡುಪು ಇಲ್ಲಿಂದಲೇ ಒಯ್ಯಬೇಕೋ, ಅಲ್ಲಿ ತೆಗೆದುಕೊಂಡರಾದೀತೋ?

ಉತ್ತರ 5: ಬಿಜೈ ನಿವಾಸಿ

ಅಲ್ಲಿಯೇ ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವುದು ಮಳೆಗೆ ಆಗುತ್ತದೆ, ಐದಾರು ಡಿಗ್ರಿ ನೀರಿಗೆ ಆಗುವುದಿಲ್ಲ. ಒಳಗೆ ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿ. ಬಲೆ ಕೊಳ್ಳುವುದಾದರೆ ರಬ್ಬರ್ ಲೇಪದ್ದನ್ನೇ ಕೊಳ್ಳಿ. ನೂಲಿನ ಬಲೆಯಲ್ಲಿ ಲೂರಿನ ಮೂರು ಮುಳ್ಳಿನ ಗಾಳ ಸಿಕ್ಕಿಕೊಂಡರೆ ಕತ್ತಲಲ್ಲಿ ಬಿಡಿಸಲು ಹತ್ತು ನಿಮಿಷ ಬೇಕು, ಅಷ್ಟು ಹೊತ್ತು ಮೀನು ನೀರಿನಿಂದ ಹೊರಗಿರುತ್ತದೆ.