ತೋಟದ ಜೇಡಿಗೂ ಹಾಸನದ ಹೈವೇಗೂ ಒಂದೇ ಟೈರ್ ಸಾಕಾ? ವಿ-ಕ್ರಾಸ್‌ಗೆ ಸಲಹೆ ಬೇಕು

ಹೆತ್ತೂರು ಪಿಕಪ್

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಇಸುಜು ವಿ-ಕ್ರಾಸ್, ಟೈರ್ ಅಳತೆ 245/70 ಆರ್16. ನಮ್ಮ ಮನೆಯಿಂದ ಟಾರ್ ರಸ್ತೆಗೆ ಮೂರೂವರೆ ಕಿಲೋಮೀಟರ್ ಮಣ್ಣಿನ ದಾರಿ. ಮನೆ ಇನ್ನೇನು ಬಂತು ಅನ್ನುವಾಗ ಒಂದು ಏರು. ಎರಡೂ ಕಡೆ ಕಾಫಿ ಗಿಡ, ನಡುವೆ ಕೆಂಪು ಜೇಡಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ಅಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುವುದೂ ಕಷ್ಟ.

ವಾರಕ್ಕೆ ಎರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಹಾಸನಕ್ಕೆ ಕರೆದುಕೊಂಡು ಹೋಗಬೇಕು. ಹೋಗಿ ಬಂದರೆ ಸುಮಾರು 130 ಕಿಮೀ. ಮಳೆ ಇರಲಿ, ಮರ ಬೀಳಲಿ, ತಪ್ಪಿಸುವ ಹಾಗಿಲ್ಲ.

ಎರಡು ವರ್ಷದ ಹಿಂದೆ ಆ ಏರಿನಲ್ಲಿ ಅಮ್ಮನನ್ನು ಕೂರಿಸಿಕೊಂಡೇ ಸಿಕ್ಕಿಹಾಕಿಕೊಂಡೆ. ಮಾರನೇ ವಾರವೇ ಅಂಗಡಿಗೆ ಹೋದೆ. "ಮಲೆನಾಡಿಗೆ ಎಂ.ಟಿ.ನೇ ಸರಿ, ಕಣ್ಣು ಮುಚ್ಚಿಕೊಂಡು ಹಾಕಿಸಿ" ಅಂದರು. ಎಂ.ಟಿ. ಅಂದರೆ ಮಡ್ ಟೆರೇನ್, ಕೆಸರಿನ ಟೈರ್. ಆ ದೊಡ್ಡ ಬಟನ್ ಟೈರನ್ನೇ ಹಾಕಿಸಿದೆ. ಏರು ಹತ್ತುತ್ತದೆ, ಸುಳ್ಳಲ್ಲ. ಆದರೆ ಹೈವೇಯಲ್ಲಿ 60 ದಾಟಿದರೆ ಹಿಟ್ಟಿನ ಗಿರಣಿ ಒಳಗೆ ಕೂತ ಹಾಗೆ ಸದ್ದು. ಡಯಾಲಿಸಿಸ್ ಮುಗಿಸಿದ ಮೇಲೆ ಅಮ್ಮನಿಗೆ ಮೈಯಲ್ಲಿ ಶಕ್ತಿ ಇರುವುದಿಲ್ಲ. ನಿದ್ದೆ ಮಾಡಬೇಕು ಅಂತಾರೆ, ಆಗಲ್ಲ. ಸೆರಗನ್ನು ಕಿವಿಗೆ ಒತ್ತಿಕೊಂಡು ಕೂರುತ್ತಾರೆ.

ಹೋದ ತಿಂಗಳು ಬಾಳ್ಳುಪೇಟೆ ಹತ್ತಿರ ತುಂತುರು ಮಳೆ. ಒಂದು ದನ ಅಡ್ಡ ಬಂತು. ಬ್ರೇಕ್ ಒತ್ತಿದೆ, ಎ.ಬಿ.ಎಸ್. ಕಟಕಟ ಅಂದಿತು, ಗಾಡಿ ಮಾತ್ರ ಜಾರುತ್ತಲೇ ಹೋಯಿತು. ದನವೇ ಪಕ್ಕಕ್ಕೆ ಸರಿಯಿತು. ಅವತ್ತಿನಿಂದ ನನಗೆ ಆ ಟೈರ್ ಮೇಲೆ ನಂಬಿಕೆ ಹೋಗಿದೆ.

ಎ.ಟಿ., ಅಂದರೆ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್, ಹಾಕಿಸಿದರೆ ಟಾರ್ ಮೇಲೆ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತಾ? ಆ ಏರು ಹತ್ತುತ್ತಾ? ಸ್ವಲ್ಪ ಎತ್ತರದ 245/75ಕ್ಕೆ ಹೋದರೆ ಇನ್ನೂ ಒಳ್ಳೇದು ಅಂತ ಒಬ್ಬರು ಹೇಳಿದರು. ಹೌದಾ?

ಘಾಟಿ ದಾರಿ

ನನ್ನ ಸ್ಕಾರ್ಪಿಯೋಗೆ ಯೊಕೊಹಾಮಾ ಜಿಯೋಲ್ಯಾಂಡರ್ ಎ.ಟಿ. ಇದೆ. ಶಿರಾಡಿಯಲ್ಲಿ ವಾರ ವಾರ ಓಡಾಟ. 80ರಲ್ಲಿ ಹಾಡು ಕೇಳಬಹುದು, ಮಾತಾಡಬಹುದು. ನಿಮ್ಮ ಅಳತೆಯಲ್ಲೂ ಬರುತ್ತದೆ. ಜೇಡಿ ಏರಿನ ಅನುಭವ ನನಗಿಲ್ಲ, ಅದನ್ನು ತೋಟದವರೇ ಹೇಳಬೇಕು.

ಹಳೇ ಜೀಪು

ಅಮ್ಮನ ವಿಷಯ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಮೂಡಿಗೆರೆ ಕಡೆ 22 ವರ್ಷ ತೋಟದ ಜೀಪು ಓಡಿಸಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮದೇ ಲೆಕ್ಕ ನೋಡಿ. ವಾರಕ್ಕೆ 260 ಕಿಮೀ ಓಡುತ್ತೀರಿ. ಅದರಲ್ಲಿ ಮಣ್ಣು 14. ನೂರಕ್ಕೆ ಐದೂವರೆಯೂ ಇಲ್ಲ. ಟೈರನ್ನು ಒದ್ದೆ ಟಾರಿಗೆ ಅಂತ ಆರಿಸಿ. ಏರಿಗೆ ಬೇರೆ ಉಪಾಯ ಇದೆ. ಏರಿನಲ್ಲಿ ಹೂತರೆ ಪಕ್ಕದ ತೋಟದ ಟ್ರ್ಯಾಕ್ಟರ್ ಕರೆಯಬಹುದು. ಬಾಳ್ಳುಪೇಟೆಯಲ್ಲಿ ಆದ ಹಾಗೆ ಇನ್ನೊಂದು ಸಲ ಆಗುವುದು ಬೇಡ.

ಬಟನ್ ಟೈರ್ ಒದ್ದೆ ಟಾರಲ್ಲಿ ಜಾರುವುದು ಯಾಕೆ ಅಂದರೆ, ನೆಲಕ್ಕೆ ತಾಗುವ ರಬ್ಬರೇ ಕಡಿಮೆ, ಸಂದು ಜಾಸ್ತಿ. ಹಲ್ಲುಗಳು ದಪ್ಪ, ಅವುಗಳ ಮೇಲೆ ಸಣ್ಣ ಸೀಳುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ಸೀಳಿಗೆ ಸೈಪ್ ಅಂತಾರೆ. ತುಂತುರು ಮಳೆಗೆ ರಸ್ತೆ ಮೇಲೆ ನೀರಿನ ತೆಳು ಪೊರೆ ನಿಂತಿರುತ್ತದಲ್ಲ, ಅದನ್ನು ಒರೆಸಿ ರಬ್ಬರನ್ನು ನೆಲಕ್ಕೆ ತಾಗಿಸುವುದು ಈ ಸೀಳಿನ ಅಂಚುಗಳೇ. ಟೈರ್ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಇಟ್ಟುಕೊಳ್ಳಿ. ನಡುವಿನ ಹಲ್ಲಿನ ಸೀಳಿಗೆ ಅದನ್ನು ತೂರಿಸಿ ನೋಡಿ. ಕೆಲವು ಟೈರಲ್ಲಿ ಕಾರ್ಡು ಎರಡು ಮಿಲಿಮೀಟರ್ ಇಳಿದು ನಿಲ್ಲುತ್ತದೆ. ಅಂಥ ಸೀಳು ಸ್ವಲ್ಪ ಸವೆದ ಮೇಲೆ ಮಾಯ. ಸಂದಿನ ತಳದ ಹತ್ತಿರದವರೆಗೂ ಕಾರ್ಡು ಇಳಿಯುವ ಟೈರ್ ಆರಿಸಿ.

ಸದ್ದಿಗೂ ಕಣ್ಣಲ್ಲೇ ಪರೀಕ್ಷೆ ಇದೆ. ಟೈರನ್ನು ನಿಧಾನವಾಗಿ ಉರುಳಿಸಿ, ಹಲ್ಲುಗಳ ಉದ್ದ ನೋಡುತ್ತಾ ಹೋಗಿ. ಎಲ್ಲ ಹಲ್ಲೂ ಒಂದೇ ಅಳತೆಯಾದರೆ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತದೆ. ಗಿಡ್ಡ, ಉದ್ದ ಬೆರೆಸಿ ಮಾಡಿದ್ದರೆ ಸದ್ದು ಹಂಚಿಹೋಗುತ್ತದೆ, ಕಿವಿಗೆ ಅಷ್ಟು ಬಡಿಯಲ್ಲ. 8-10 ಸಾವಿರ ಕಿಮೀಗೊಮ್ಮೆ ಚಕ್ರ ಅದಲು ಬದಲು ಮಾಡಿಸುವುದನ್ನು ಮರೆಯಬೇಡಿ. ಹಲ್ಲು ಒಂದು ಕಡೆ ಸವೆಯಲು ಶುರುವಾದರೆ ಒಳ್ಳೆ ಎ.ಟಿ.ಯೂ ಕೂಗುತ್ತದೆ.

ಅಳತೆಯ ಶುರುವಿನಲ್ಲೇ ಎಲ್.ಟಿ. (ಲೈಟ್ ಟ್ರಕ್) ಅಂತ ಬರೆದ ಟೈರ್ ನಿಮಗೆ ಬೇಡ. ಬಿ.ಎಫ್. ಗುಡ್‌ರಿಚ್ ಕೆಓ2 ಆ ಜಾತಿಯದ್ದು. ಪಕ್ಕದ ಗೋಡೆ ದಪ್ಪ, ಚೂಪು ಕಲ್ಲಿಗೆ ಬಹಳ ಒಳ್ಳೇದು. ಆದರೆ ತೂಕ ಜಾಸ್ತಿ, ಸಣ್ಣ ಗುಂಡಿಯೂ ಸೊಂಟಕ್ಕೆ ತಾಗುತ್ತದೆ. ನಿಮ್ಮ ದಾರಿ ಕಲ್ಲಲ್ಲ, ಜೇಡಿ. ಗಾಡಿಯಲ್ಲಿ ಇರುವವರು ಅಮ್ಮ.

ಈಗ ಏರು. ಜೇಡಿ ಸಂದಿಗೆ ತುಂಬಿಕೊಂಡರೆ ಎ.ಟಿ. ಬೋಳು ಟೈರ್ ಆಗಿಬಿಡುತ್ತದೆ. ಬಟನ್ ಟೈರ್ ಮಾತ್ರ ತಿರುಗುತ್ತಾ ಕೆಸರನ್ನು ತಾನೇ ಎಸೆದುಕೊಳ್ಳುತ್ತದೆ. ಹಾಗಾಗಿ ಗಾಳಿ ಇಳಿಸಬೇಕು. ಮನೆಗೆ ವಾಪಸ್ ಬರುವಾಗ, ಟಾರ್ ಮುಗಿಯುವ ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಚಕ್ರ 20 ಪಿ.ಎಸ್.ಐ.ಗೆ ಇಳಿಸಿ. ಟೈರಿನ ಹೊಟ್ಟೆ ಸ್ವಲ್ಪ ಉಬ್ಬುತ್ತದೆ, ನೆಲಕ್ಕೆ ತಾಗುವ ಪಟ್ಟಿ ಉದ್ದ ಆಗುತ್ತದೆ. ಏರಿನ ಬುಡದಲ್ಲೇ 4ಎಲ್ (ನಾಲ್ಕೂ ಚಕ್ರಕ್ಕೆ ಎಳೆತ, ನಿಧಾನದ ಗೇರು) ಹಾಕಿ, ಎರಡನೇ ಗೇರು, ಆಕ್ಸಿಲರೇಟರ್ ಒಂದೇ ಸಮ. ಚಕ್ರ ಸುಮ್ಮನೆ ತಿರುಗಲು ಶುರುವಾದರೆ ಕಾಲು ತೆಗೆಯಿರಿ, ಒತ್ತಬೇಡಿ. ಗಾಳಿ ಕಡಿಮೆ ಇರುವಾಗ ವೇಗ ಬೇಡ, ಸ್ಟೇರಿಂಗ್ ರಪ್ಪಂತ ಎಳೆಯುವುದೂ ಬೇಡ, ಟೈರ್ ರಿಮ್ಮಿನಿಂದ ಕಳಚೀತು. ರಾತ್ರಿ ಹಾಗೇ ಬಿಡಿ, ಏನೂ ಆಗಲ್ಲ. ಮುಂದಿನ ಸಲ ಹೊರಟಾಗ ಟಾರ್ ಸಿಕ್ಕ ಕೂಡಲೇ 12 ವೋಲ್ಟಿನ ಪಂಪಿನಲ್ಲಿ ತುಂಬಿಸಿ. ಅರ್ಧ ಗಂಟೆ ಮುಂಚೆ ಹೊರಡಿ ಅಷ್ಟೇ. ಮಳೆ ವಿಪರೀತ ಅನ್ನುವ ದಿನಕ್ಕೆ ಟೈರಿಗೆ ಕಟ್ಟುವ ಚೈನ್ ಒಂದು ಜೊತೆ ಹಿಂದೆ ಬಿದ್ದಿರಲಿ. ಟಾರ್ ಮೇಲೆ ಚೈನ್ ಕಟ್ಟಿಕೊಂಡು ಓಡಿಸಬೇಡಿ.

ಹೊಸ ಟೈರಿಗೆ ಎಷ್ಟು ಗಾಳಿ ಅಂತ ಅಂಗಡಿಯವರನ್ನು ಕೇಳಬೇಡಿ. ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಆಮೇಲೆ ಚಾಕ್ ಹಚ್ಚಿ. ಟೈರ್ ಮೇಲೆ ಈ ಅಂಚಿಂದ ಆ ಅಂಚಿಗೆ ದಪ್ಪಗೆ ಒಂದು ಗೆರೆ ಎಳೆದು, ಒಣ ಸಮತಟ್ಟು ಟಾರಲ್ಲಿ ನೇರವಾಗಿ ಐವತ್ತು ಮೀಟರ್ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ. ಎರಡು ಅಂಚು ಮಾತ್ರ ಅಳಿಸಿದ್ದರೆ ಕಡಿಮೆ.

ಸೆಕೆಂಡ್ ಗೇರ್

ಅಳತೆ ಬಗ್ಗೆ ಮಾತ್ರ ಹೇಳುತ್ತೇನೆ. 245/70 ಆರ್16ರ ಎತ್ತರ ಸುಮಾರು 749 ಮಿಲಿಮೀಟರ್. 245/75 ಆದರೆ 774. ಆಕ್ಸಲ್ ಕೆಳಗೆ ಸಿಗುವುದು ಬರೀ 12 ಮಿಲಿಮೀಟರ್. ಸ್ಪೀಡೋಮೀಟರ್ ನೂರಕ್ಕೆ ಮೂರರಷ್ಟು ಕಡಿಮೆ ತೋರಿಸುತ್ತದೆ, ಗಾಡಿಯ ಎಳೆತ ಮಂದ ಆದ ಹಾಗಿರುತ್ತದೆ, ಕೆಸರು ಮೆತ್ತಿದಾಗ ಮಡ್‌ಗಾರ್ಡಿಗೆ ಉಜ್ಜಬಹುದು. ಕಂಪನಿ ಅಳತೆಯೇ ಇರಲಿ.

ಅಳತೆಯ ಪಕ್ಕದ ನಂಬರ್ ನೋಡಿ. 107 ಅಂದರೆ ಒಂದು ಟೈರ್ 975 ಕೆಜಿ ಹೊರಬಹುದು, 111 ಅಂದರೆ 1090 ಕೆಜಿ. ಕಾಫಿ ಮೂಟೆ ಹೇರುತ್ತೀರಿ ಅಲ್ವಾ, ಗಾಡಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯದು ತಗೋಬೇಡಿ. ಟೈರಿನ ಪಕ್ಕದ ಗೋಡೆ ಮೇಲೆ ಡಿ.ಓ.ಟಿ. (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2324 ಅಂದರೆ 2024ರ 23ನೇ ವಾರ. 2020ರ ಜೂನ್‌ನಿಂದ ಹೊರದೇಶದ ಟೈರ್ ತರಿಸಲು ಸರ್ಕಾರದ ಪರವಾನಗಿ ಬೇಕು. ಹಾಗಾಗಿ ಹಳೇ ಸ್ಟಾಕು ಕಂತೆ ಕಂತೆ ಇಟ್ಟುಕೊಂಡು ಮಾರುವವರೂ ಇದ್ದಾರೆ.

ನಾಲ್ಕೂ ಒಟ್ಟಿಗೆ ಬದಲಿಸಿ. 4ಎಚ್ (ನಾಲ್ಕೂ ಚಕ್ರಕ್ಕೆ ಎಳೆತ, ಮಾಮೂಲಿ ಗೇರು) ಹಾಕಿದಾಗ ಮುಂದಿನದೂ ಹಿಂದಿನದೂ ಒಂದೇ ವೇಗದಲ್ಲಿ ತಿರುಗಬೇಕು. ಎರಡು ಹೊಸದು ಎರಡು ಸವೆದದ್ದು ಇದ್ದರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಹಿಂಸೆ.

ಹೆತ್ತೂರು ಪಿಕಪ್

ಎಲ್ಲರಿಗೂ ಧನ್ಯವಾದ. ಜಿಯೋಲ್ಯಾಂಡರ್ ಎ.ಟಿ. ನಾಲ್ಕು ಹಾಕಿಸಿ ಐದು ವಾರ ಆಯಿತು, ಹೇಗಿದೆ ಅಂತ ಬರೆಯಲೇಬೇಕು.

ವಿಸಿಟಿಂಗ್ ಕಾರ್ಡ್ ತೆಗೆದುಕೊಂಡೇ ಹೋಗಿದ್ದೆ. ಅಂಗಡಿಯವರು ಮೊದಲು ತೋರಿಸಿದ ಟೈರಲ್ಲಿ ಕಾರ್ಡು ಇಳಿಯಲೇ ಇಲ್ಲ. ಇದರಲ್ಲಿ ಚೆನ್ನಾಗಿ ಇಳಿಯಿತು.

ಪುನರ್ವಸು ಮಳೆಯಲ್ಲಿ ಎರಡು ಸಲ ಏರಿನಲ್ಲಿ ಜಾರಿದೆ. ಮೊದಲ ಸಲ 26ಕ್ಕೆ ಮಾತ್ರ ಇಳಿಸಿದ್ದೆ, ಧೈರ್ಯ ಸಾಕಾಗಲಿಲ್ಲ. ಹಿಂದಕ್ಕೆ ಬಂದು 20 ಮಾಡಿದೆ, ಹತ್ತಿತು. ಎರಡನೇ ಸಲ ಅದೂ ಆಗಲಿಲ್ಲ, ಚೈನ್ ಕಟ್ಟಿದೆ. ಅಮ್ಮ ಟಾರ್ಚ್ ಹಿಡಿದುಕೊಂಡಿದ್ದರು.

ಚಾಕ್ ಹಚ್ಚಿ ನೋಡಿದೆ. ಮುಂದಿನ ಚಕ್ರ ಸರಿ ಇತ್ತು. ಹಿಂದೆ ಅಂಗಡಿಯವರು 38 ತುಂಬಿಸಿದ್ದರು, ಗೆರೆ ನಡುವೆ ಮಾತ್ರ ಅಳಿಸಿತು. ಸ್ಟಿಕ್ಕರ್‌ನಲ್ಲಿ ಖಾಲಿ ಗಾಡಿಗೆ ಇರುವಷ್ಟಕ್ಕೆ ಇಳಿಸಿದ ಮೇಲೆ ಗೆರೆ ಪೂರ್ತಿ ಹೋಯಿತು, ಕುಲುಕಾಟವೂ ಕಡಿಮೆಯಾಯಿತು. ಕೊಯ್ಲಿನ ಹೊತ್ತಿಗೆ ಮೂಟೆ ಹೇರುವಾಗ ಮತ್ತೆ ಏರಿಸುತ್ತೇನೆ.

ಹೋದ ಗುರುವಾರ ವಾಪಸ್ ಬರುವಾಗ ಪಾಳ್ಯ ದಾಟುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹತ್ತಿತ್ತು. ಸಕಲೇಶಪುರದಲ್ಲಿ ಔಷಧಿ ತಗೊಳ್ಳಲು ನಿಲ್ಲಿಸಿದಾಗಲೂ ಎಚ್ಚರವಾಗಲಿಲ್ಲ.